ಸಮೀಕರಣ ಹೇಳಿಕೊಡುವಾಗ 'ಆ ಕಡೆ ಹೋದರೆ ಚಿಹ್ನೆ ಬದಲು' ಎಂದು ಮೊದಲ ದಿನವೇ ಹೇಳಬೇಡಿ

ಮಕ್ಕಳಿಗೆ ಸರಳ ಸಮೀಕರಣ ಹೇಳಿಕೊಡಲು ಕೂತವರಲ್ಲಿ ಬಹಳಷ್ಟು ಜನ ಶುರು ಮಾಡುವುದೇ ಒಂದು ಮಂತ್ರದಿಂದ: 'ಈ ಕಡೆಯದು ಆ ಕಡೆಗೆ ಹೋದರೆ ಪ್ಲಸ್ಸು ಮೈನಸ್ ಆಗುತ್ತೆ, ಗುಣಾಕಾರ ಭಾಗಾಕಾರ ಆಗುತ್ತೆ.' ಈ ಪಕ್ಷಾಂತರದ ನಿಯಮ ಸುಳ್ಳಲ್ಲ. ಆದರೆ ಅದು ಕೆಲಸ ಅರ್ಥವಾದ ಮೇಲೆ ಬಳಸುವ ಅಡ್ಡದಾರಿ. ಅರ್ಥವಾಗುವ ಮೊದಲೇ ಕೊಟ್ಟರೆ ಏನಾಗುತ್ತದೆ ನೋಡಿ. (ಎಕ್ಸ್ ಬದಲು ಇಲ್ಲಿ 'ಯ' ಎಂದು ಬರೆಯುತ್ತೇನೆ.)

3ಯ = 12. ಮಗು ಯೋಚಿಸುತ್ತದೆ: 3 ಆ ಕಡೆ ಹೋಯಿತು, ಚಿಹ್ನೆ ಬದಲಾಯಿತು, ಅಂದರೆ 12 − 3, ಉತ್ತರ 9. ಇನ್ನೊಂದು ಮಗು 12 ÷ (−3) ಮಾಡಿ −4 ಬರೆಯುತ್ತದೆ. ಇಬ್ಬರೂ ತಮಗೆ ಹೇಳಿಕೊಟ್ಟ ನಿಯಮವನ್ನೇ ಪಾಲಿಸಿದ್ದಾರೆ! 5 − ಯ = 2 ಕೊಟ್ಟರೆ 5ನ್ನು ಆಚೆ ಕಳಿಸಿ ಯ = 2 − 5 = −3 ಎನ್ನುತ್ತಾರೆ. ಯ ಹಿಂದಿದ್ದ ಮೈನಸ್ ದಾರಿಯಲ್ಲೇ ಕಳೆದುಹೋಗಿರುತ್ತದೆ.

ನಿಜವಾದ ತೊಡಕು ಇದಕ್ಕಿಂತ ಹಿಂದೆಯೇ ಇದೆ: ಸಮ ಚಿಹ್ನೆಯಲ್ಲಿ. ಪಾಠಕ್ಕೆ ಮುಂಚೆ 8 + 4 = □ + 5 ಕೊಟ್ಟು ನೋಡಿ. ಎಷ್ಟೋ ಮಕ್ಕಳು 12 ತುಂಬುತ್ತಾರೆ, ಕೆಲವರು ಎಲ್ಲವನ್ನೂ ಕೂಡಿ 17 ಬರೆಯುತ್ತಾರೆ. ಬೇಕಾದದ್ದು 7. ಒಂದನೇ ತರಗತಿಯಿಂದ 3 + 5 = ಎಂದು ನೋಡಿ ನೋಡಿ, ಆ ಎರಡು ಗೆರೆಗೆ 'ಈಗ ಉತ್ತರ ಬರಿ' ಎಂಬ ಅರ್ಥ ಅಂಟಿಕೊಂಡಿರುತ್ತದೆ. 1557ರಲ್ಲಿ ಈ ಚಿಹ್ನೆಯನ್ನು ಮೊದಲು ಅಚ್ಚಿಗೆ ತಂದ ಗಣಿತಜ್ಞ ರಾಬರ್ಟ್ ರೆಕಾರ್ಡ್ ಎರಡು ಸಮಾನಾಂತರ ಗೆರೆ ಆರಿಸಿಕೊಂಡದ್ದೇ, ಅವುಗಳಿಗಿಂತ ಸಮನಾದದ್ದು ಬೇರೆ ಇಲ್ಲ ಎಂಬ ಕಾರಣಕ್ಕೆ. ಹಾಗಾಗಿ ಸಮೀಕರಣಕ್ಕೆ ಕೈ ಹಾಕುವ ಮೊದಲು ಹತ್ತು ನಿಮಿಷ ಸರಿ-ತಪ್ಪು ಆಟ ಆಡಿಸಿ: 9 = 9, 12 = 8 + 4, 6 + 3 = 5 + 4, 7 + 2 = 9 + 1. ಮೊದಲ ಎರಡಕ್ಕೇ 'ಹೀಗೆ ಬರೆಯೋ ಹಾಗಿಲ್ಲ' ಎಂದರೆ ರೋಗ ಎಲ್ಲಿದೆ ಎಂದು ಗೊತ್ತಾಯಿತು.

ಎರಡನೆಯದು ಅಕ್ಷರ. ಯ ಅಂದರೆ ಒಂದು ಸಂಖ್ಯೆ, ವಸ್ತುವಿನ ಹೆಸರಲ್ಲ. 'ಪ ಅಂದರೆ ಪೆನ್ನು, 3ಪ ಅಂದರೆ ಮೂರು ಪೆನ್ನು' ಎಂದು ಹೇಳಿಕೊಡುವುದು ನನ್ನ ಪ್ರಕಾರ ಹಾನಿಕರ. ಒಂದು ಪೆನ್ನಿನ ಬೆಲೆ ಪ ಎಂದು ಬಂದ ದಿನ ಆ ಮಗು ತಬ್ಬಿಬ್ಬಾಗುತ್ತದೆ. ಯ = 4 ಆದಾಗ 3ಯ ಎಷ್ಟು ಎಂದು ಕೇಳಿ. 34 ಎಂದರೆ, ನಡುವೆ ಅಡಗಿರುವ ಗುಣಾಕಾರ ಅದಕ್ಕೆ ಕಂಡಿಲ್ಲ. ಆಗ ಕೆಲವು ದಿನ 3 × ಯ ಎಂದೇ ಬರೆಸಿ. ಅಕ್ಷರವನ್ನೂ ಆಗಾಗ ಬದಲಿಸಿ. ಎಕ್ಸ್ ಒಂದನ್ನೇ ಕಂಡವರು ಬೇರೆ ಅಕ್ಷರ ಬಂದರೆ ತಡವರಿಸುತ್ತಾರೆ. ಅವಸರದ ಕೈಬರಹದಲ್ಲಿ ಎಕ್ಸ್ ಗುಣಾಕಾರದ ಗುರುತಿನಂತೆಯೇ ಕಾಣುತ್ತದೆ ಕೂಡ. ನಮ್ಮ ಹಳೆಯ ಗಣಿತಜ್ಞರು ಮೊದಲ ಅವ್ಯಕ್ತಕ್ಕೆ (ಬೆಲೆ ಗೊತ್ತಿಲ್ಲದ ಸಂಖ್ಯೆಗೆ) ಯಾವತ್ತಾವತ್, ಅಂದರೆ 'ಎಷ್ಟೋ ಅಷ್ಟು', ಎಂಬುದರ 'ಯಾ', ಮುಂದಿನವಕ್ಕೆ ಬಣ್ಣಗಳ ಹೆಸರಿನಿಂದ 'ಕಾ', 'ನೀ' ಎಂದು ಬಳಸುತ್ತಿದ್ದರು.

ಇನ್ನು ಬಿಡಿಸುವುದು. 2ಯ + 3 = 11 ಬರೆದು 2ಯ ಮೇಲೆ ಬೆರಳಿಟ್ಟು ಮುಚ್ಚಿ. 'ಯಾವುದಕ್ಕೆ 3 ಕೂಡಿದರೆ 11?' 8. ಬೆರಳು ತೆಗೆಯಿರಿ. 'ಯಾವುದರ ಎರಡರಷ್ಟು 8?' 4. ಯಾವ ನಿಯಮವೂ ಇಲ್ಲದೆ ಮಗು ಸಮೀಕರಣ ಬಿಡಿಸಿತು. ಆಮೇಲೆ ಅದನ್ನೇ ಕ್ರಮವಾಗಿ ಬರೆಸಿ. ಯ ಮೇಲೆ ಏನೇನು ನಡೆದಿದೆ? ಮೊದಲು 2ರಿಂದ ಗುಣಿಸಿ, ನಂತರ 3 ಕೂಡಿದ್ದಾರೆ. ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಬೇಕು: ಎರಡೂ ಕಡೆ 3 ಕಳೆ, 2ಯ = 8; ಎರಡೂ ಕಡೆ 2ರಿಂದ ಭಾಗಿಸು, ಯ = 4. ಪ್ರತಿ ಸಾಲಿನ ಪಕ್ಕ '−3', '÷2' ಎಂದು ಮಾಡಿದ ಕೆಲಸವನ್ನು ಗುರುತಿಸಲಿ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ. 2ಯ + 3 = 11 = 11 − 3 = 8 = 4 ಎಂದು ಸರಪಳಿ ಹಾಕುವ ಚಟ ಕಂಡರೆ ಅಲ್ಲೇ ತಡೆಯಿರಿ, ಅದು 11 ಮತ್ತು 4 ಒಂದೇ ಎಂದು ಬರೆದಂತೆ.

ಮೊದಲೇ 2ರಿಂದ ಭಾಗಿಸುವುದೇನೂ ತಪ್ಪಲ್ಲ. ಎಲ್ಲ ಪದಗಳನ್ನೂ ಭಾಗಿಸಿದರೆ ಯ + 1.5 = 5.5 ಬರುತ್ತದೆ. ಮಕ್ಕಳು ಮಾಡುವುದು ಯ + 3 = 5.5, ಅಂದರೆ 3ನ್ನು ಮರೆಯುತ್ತಾರೆ. ಭಿನ್ನರಾಶಿಯಲ್ಲೂ ಇದೇ ತಪ್ಪು: ಯ/3 + 2 = 5ನ್ನು 3ರಿಂದ ಗುಣಿಸಿ ಯ + 2 = 15 ಬರೆಯುತ್ತಾರೆ. ಬರಬೇಕಾದದ್ದು ಯ + 6 = 15, ಯ = 9. ಗುಣಿಸುವ ಮುನ್ನ ಎರಡೂ ಬದಿಗೆ ಪೂರ್ತಿ ಆವರಣ ಹಾಕಿಸಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಆವರಣದ ಮುಂದೆ ಮೈನಸ್ ಇದ್ದರೆ ಇನ್ನೊಂದು ಗುಂಡಿ: 10 − (ಯ − 4) ಎಂಬುದು 10 − ಯ + 4, ಮಕ್ಕಳ ಕೈಯಲ್ಲಿ 10 − ಯ − 4 ಆಗಿಬಿಡುತ್ತದೆ.

ತಕ್ಕಡಿಯ ಚಿತ್ರ ಎಲ್ಲರೂ ಬಳಸುತ್ತಾರೆ, ಬಳಸಲಿ. ಆದರೆ ಯ − 5 = −8 ಬಂದಾಗ ಋಣ ತೂಕ ಎಲ್ಲಿಂದ ತರುವುದು? ಎರಡು ದಿನವಾದ ಮೇಲೆ ಅದನ್ನು ಬಿಟ್ಟುಬಿಡಿ.

5ಯ + 2 = 3ಯ + 10 ಬಂದಾಗ ಬೆರಳಿನ ಉಪಾಯ ಕೈಕೊಡುತ್ತದೆ, ಒಳ್ಳೆಯದೇ. ಎರಡೂ ಕಡೆ 3ಯ ಕಳೆದರೆ 2ಯ + 2 = 10, ಯ = 4. ಸಣ್ಣದನ್ನೇ ಕಳೆಯಲು ಹೇಳಿ, ಋಣ ಚಿಹ್ನೆಯ ರಗಳೆ ಕಡಿಮೆ. ಹಾಗೆಯೇ 5 − ಯ = 2ಕ್ಕೆ ಎರಡೂ ಕಡೆ ಯ ಕೂಡಿ 5 = 2 + ಯ ಮಾಡಿಸಿ. ಮಗು ತಾನಾಗಿಯೇ 'ಈ ಮಧ್ಯದ ಸಾಲು ಬಿಟ್ಟರೆ ಆಗಲ್ವಾ?' ಎಂದು ಕೇಳುವ ದಿನ ಪಕ್ಷಾಂತರ ಹೇಳಿಕೊಡಿ.

ತಾಳೆ ನೋಡುವುದು ಕಡ್ಡಾಯ. ಬಂದ ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ಎಡಬದಿ, ಬಲಬದಿ ಬೇರೆ ಬೇರೆ ಲೆಕ್ಕ ಹಾಕಲಿ. ತಾಳೆ ನೋಡದ ಮೂವತ್ತು ಲೆಕ್ಕಕ್ಕಿಂತ ನೋಡಿದ ಆರು ಲೆಕ್ಕ ಮೇಲು. ಆ ಆರರಲ್ಲೂ ಬೆರಕೆ ಇರಲಿ: ಅಕ್ಷರ ಬಲಗಡೆ ಇರುವ 17 = 2ಯ + 5, ಋಣ ಉತ್ತರದ್ದೊಂದು, ಭಿನ್ನರಾಶಿಯದೊಂದು. 4ಯ + 7 = 7 ತಪ್ಪದೆ ಇರಲಿ; ಸೊನ್ನೆ ಬಂದರೆ 'ಉತ್ತರ ಇಲ್ಲ' ಎಂದು ಬರೆಯುವವರು ಬಹಳ. ನಿಜವಾಗಿ ಉತ್ತರವಿಲ್ಲದ್ದು 2ಯ + 5 = 2ಯ + 8, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ವಾಕ್ಯ ರೂಪದ ಲೆಕ್ಕಗಳಲ್ಲಿ ತಪ್ಪಾಗುವುದು ಬಿಡಿಸುವುದರಲ್ಲಲ್ಲ, ಬರೆಯುವುದರಲ್ಲಿ. 'ಒಂದು ಸಂಖ್ಯೆಯನ್ನು 20ರಿಂದ ಕಳೆದರೆ 8' ಎಂದರೆ ಓದಿದ ಕ್ರಮದಲ್ಲೇ ಯ − 20 ಎಂದು ಬರೆಯುತ್ತಾರೆ, ಬೇಕಾದದ್ದು 20 − ಯ. 'ವಿದ್ಯಾರ್ಥಿಗಳು ಶಿಕ್ಷಕರ ಆರು ಪಟ್ಟು' ಎಂದರೆ 6ವ = ಶ ಬರೆಯುತ್ತಾರೆ. ಅಕ್ಷರದ ಜಾಗದಲ್ಲಿ ಸಂಖ್ಯೆ ಹಾಕಿಸಿ: ಶಿಕ್ಷಕರು 10, ವಿದ್ಯಾರ್ಥಿಗಳು 60. ಯಾವ ಕಡೆ 6ರಿಂದ ಗುಣಿಸಿದರೆ ಸಮವಾಗುತ್ತದೆ? ವ = 6ಶ. ಇಂಥ ಲೆಕ್ಕಗಳಲ್ಲಿ ತಾಳೆಯನ್ನು ಮಗು ಬರೆದ ಸಮೀಕರಣದಲ್ಲಿ ನೋಡಿದರೆ ಸಾಲದು, ಪ್ರಶ್ನೆಯ ವಾಕ್ಯದಲ್ಲೇ ನೋಡಬೇಕು. ಸಮೀಕರಣವೇ ತಪ್ಪಿದ್ದರೂ ತಪ್ಪು ಉತ್ತರ ಅದಕ್ಕೆ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ.