ಕಳಿಸಿ ಬರುವ ಕೆಲಸ

ಯುಗಾದಿಗೆ ಊರಿಗೆ ಬಂದ ಮಗ ನನಗೊಂದು ದುರ್ಬೀನು ತಂದುಕೊಟ್ಟ. ನಿವೃತ್ತನಾದ ಅಪ್ಪ ಮನೆಯಲ್ಲಿ ಕುಳಿತು ಸಾರಿನ ಉಪ್ಪು ಹುಳಿ ವಿಚಾರಿಸದಿರಲಿ ಎಂಬ ದೂರಾಲೋಚನೆ ಅದರ ಹಿಂದೆ ಇತ್ತೆಂದು ಆಮೇಲೆ ಗೊತ್ತಾಯಿತು. ಚಳಿದೇಶದ ಪಕ್ಷಿವೀಕ್ಷಕರಿಗೆ ವಸಂತವೆಂದರೆ ಹಕ್ಕಿಗಳು ಮನೆಗೆ ಮರಳುವ ಹಬ್ಬ. ದಾವಣಗೆರೆಯಲ್ಲಿ ಅದು ತಿರುವುಮುರುವು. ನಾನು ದುರ್ಬೀನನ್ನು ಕೊರಳಿಗೆ ಹಾಕಿಕೊಳ್ಳುವ ಹೊತ್ತಿಗೆ, ಚಳಿಗಾಲ ಕಳೆಯಲು ಬಂದಿದ್ದ ಹಕ್ಕಿ ನೆಂಟರು ಗಂಟುಮೂಟೆ ಕಟ್ಟುತ್ತಿದ್ದರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನಾದರೂ ನೋಡೋಣವೆಂದರೆ, ಅವು ಆಗಲೇ ಹಿಮಾಲಯದ ದಾರಿ ಹಿಡಿದಾಗಿತ್ತು.

ಕುಂದವಾಡ ಕೆರೆಯ ಏರಿಯೇ ಗತಿಯಾಯಿತು. ಅಲ್ಲಿ ಬೆಳಗಿನ ವಾಯುವಿಹಾರದವರು ನನ್ನನ್ನು ಸರ್ವೆಯವನೆಂದು ತಿಳಿದರು. ಒಬ್ಬರಂತೂ ರಸ್ತೆ ಅಗಲ ಮಾಡುತ್ತಾರೆಯೇ ಎಂದು ಕೇಳಿಯೇ ಬಿಟ್ಟರು.

ನೀರಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆ ಚಳಿಗಾಲವಿಡೀ ಮಾಸಲು ಅಂಗಿಯಲ್ಲಿರುತ್ತದೆ. ಹೊರಡುವ ಮುನ್ನ ಗರಿ ಬದಲಿಸಿ, ಅರಿಸಿನದಲ್ಲಿ ಅದ್ದಿದಂತಾಗುತ್ತದೆ. ಹುಳುಹುಪ್ಪಟೆ ತಿಂದು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ದಾರಿಯ ಬುತ್ತಿಯನ್ನು ಚರ್ಮದಡಿಯಲ್ಲೇ ಕಟ್ಟಿಕೊಳ್ಳುವ ಜಾಣತನ.

ಆದರೆ ನನ್ನ ಮನಸ್ಸು ಸೋತದ್ದು ಗುಲಾಬಿ ಕಬ್ಬಕ್ಕಿಗಳಿಗೆ. ಸಂಜೆ ನೂರಾರು ಹಕ್ಕಿಗಳು ವಿದ್ಯುತ್ ತಂತಿಯ ಮೇಲೆ ಕೂತು ಸಂತೆಯಂತೆ ಗದ್ದಲವೆಬ್ಬಿಸುತ್ತವೆ. ಜೋಳದ ತೆನೆಗೆ ಬೀಳುವುದರಿಂದ ರೈತರಿಗೆ ಇವುಗಳ ಮೇಲೆ ಅಷ್ಟೇನೂ ಅಕ್ಕರೆಯಿಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ತಿಂದು ಮರಿ ಸಾಕುವಾಗ ಇವೇ ರೈತಮಿತ್ರರು! ಇವುಗಳ ಸಿಂಗಾರವೂ ವಿಚಿತ್ರ. ಸಿಪಿಲೆಯಂತೆ ಹೊಸ ಬಟ್ಟೆ ತೊಡುವುದಿಲ್ಲ. ಗರಿಯಂಚಿನ ಮಂಕು ಬಣ್ಣ ಸವೆದು ಉದುರಿ, ಒಳಗಿನ ಗುಲಾಬಿಯೂ ಹೊಳೆಯುವ ಕಪ್ಪೂ ತಾವಾಗಿಯೇ ಹೊರಬೀಳುತ್ತವೆ. ನನ್ನ ಅಂಗಿಗಳು ಸವೆದಾಗ ಒಳಗಿನಿಂದ ಬನಿಯನ್ನು ಮಾತ್ರ ಕಾಣಿಸುತ್ತದೆ.

ಏಪ್ರಿಲ್‌ನಲ್ಲಿ ಹೋದವು ಆಗಸ್ಟ್ ಹೊತ್ತಿಗೆ ಮತ್ತೆ ಭಾರತಕ್ಕೆ ಮರಳತೊಡಗುತ್ತವೆ. ವರ್ಷದ ಹೆಚ್ಚು ಪಾಲು ನಮ್ಮಲ್ಲೇ ಉಂಡು, ಹೆರಿಗೆಗೆ ಮಾತ್ರ ಅಲ್ಲಿಗೆ ಹೋಗುವ ಇವುಗಳನ್ನು ವಲಸೆ ಹಕ್ಕಿ ಎನ್ನುವುದು ನನಗೇಕೋ ಒಪ್ಪಿಗೆಯಿಲ್ಲ. ತವರಿಗೆ ಹೋಗಿಬರುವ ಸೊಸೆಯನ್ನು ಯಾರಾದರೂ ನೆಂಟಳು ಎನ್ನುತ್ತಾರೆಯೇ?

ನೆಂಟರನ್ನು ಬಸ್ ಹತ್ತಿಸಿ, "ಮುಟ್ಟಿದ ಕೂಡಲೇ ಫೋನ್ ಮಾಡಿ" ಎಂದು ಕಿಟಕಿಯತ್ತ ಕೂಗಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಲ್ಲುವುದು ನಮ್ಮ ಮನೆಯ ಪದ್ಧತಿ. ಕಬ್ಬಕ್ಕಿಗಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಮಂಗಳವಾರ ಸಂಜೆ ತಂತಿ ಜೋತುಬೀಳುವಷ್ಟಿದ್ದವು. ಬುಧವಾರ ಒಂದೂ ಇಲ್ಲ. ಎರಡು ಗೊರವಂಕಗಳು ಆ ಜಾಗದಲ್ಲಿ ಕೂತು ಜಗಳವಾಡುತ್ತಿದ್ದವು. ದುರ್ಬೀನು ತಂದದ್ದಾಗಿತ್ತಲ್ಲ, ಹತ್ತು ನಿಮಿಷ ಅವನ್ನೇ ನೋಡಿದೆ.