ರಕ್ಷಣೆ ನಿಜ, ಆದರೆ ಎಷ್ಟು?
ಮಾಮೂಲಿ ಫ್ಲೂ ಬಂದು ಹೋದವರಿಗೆ ಹಕ್ಕಿಜ್ವರದಿಂದಲೂ ರಕ್ಷಣೆಯಿದೆ ಎಂದು ಲೇಖನವೊಂದು ಹೇಳಿದೆ, ಆ ಮಾತನ್ನು ಸ್ವಲ್ಪ ಎಚ್ಚರದಿಂದ ಓದಬೇಕು. 2009ರ ಹಂದಿಜ್ವರದ ವೈರಸ್ ಎಚ್1ಎನ್1 ಮತ್ತು ಹಕ್ಕಿಜ್ವರದ ವೈರಸ್ ಎಚ್5ಎನ್1 ಎರಡರಲ್ಲೂ ‘ಎನ್1’ ಎಂಬ ಮೇಲ್ಮೈ ಪ್ರೋಟೀನು ಇರುವುದರಿಂದ, ಅದರ ವಿರುದ್ಧ ನಮ್ಮಲ್ಲಿ ಹುಟ್ಟಿದ ಪ್ರತಿಕಾಯಗಳು ಹಕ್ಕಿಯ ವೈರಸ್ಸನ್ನೂ ಒಂದಿಷ್ಟು ಗುರುತಿಸುತ್ತವೆ. ವೈರಸ್ಸಿನ ಅಷ್ಟಾಗಿ ಬದಲಾಗದ ಒಳಗಿನ ಪ್ರೋಟೀನುಗಳನ್ನು ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಪತ್ತೆ ಹಚ್ಚುತ್ತವೆ. ಇವು ಸೋಂಕನ್ನೇ ತಡೆಯುವುದಕ್ಕಿಂತ ಕಾಯಿಲೆಯ ತೀವ್ರತೆಯನ್ನು ತಗ್ಗಿಸುವ ಸಾಧ್ಯತೆ ಹೆಚ್ಚು.

ಹುಟ್ಟಿದ ವರ್ಷದ ವಿಚಾರವನ್ನು ಲೇಖಕರು ಬಿಟ್ಟದ್ದು ದೊಡ್ಡ ಕೊರತೆ. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, 1968ಕ್ಕೆ ಮೊದಲು ಹುಟ್ಟಿದವರನ್ನು, ಬಾಲ್ಯದಲ್ಲಿ ತಗುಲಿದ, ಎಚ್5ಕ್ಕೆ ಹತ್ತಿರದ ಎಚ್1 ಅಥವಾ ಎಚ್2 ಬಗೆಯ ಫ್ಲೂವಿನ ದೆಸೆಯಿಂದ, ಎಚ್5ಎನ್1 ತೀವ್ರವಾಗಿ ಕಾಡುವುದು ಕಡಿಮೆ. (ನಾನು 1971ರವನು, ಅಪ್ಪನಿಗಿರುವ ಆ ಅನುಕೂಲ ನನಗಿಲ್ಲ.) 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಎಚ್5ಎನ್1 ಕಾಣಿಸಿಕೊಂಡಾಗಲೂ ಯಲಹಂಕದ ನಮ್ಮ ಕೋಳಿ ಅಂಗಡಿಯ ಹುಡುಗ ಬರಿಗೈಯಲ್ಲೇ ಪುಕ್ಕ ಕೀಳುತ್ತಿದ್ದ, ಅವನೂ 1968ರ ನಂತರ ಹುಟ್ಟಿದವನೇ.