ಪಿಸಿ ಗಟ್ಟಿಯಾಗಿದೆ, ಓಎಸ್‌ದೇ ಗೋಳು

ಮನೆಯ ಗೇಮಿಂಗ್ ಪಿಸಿಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕೋದು ಅನ್ನೋದೇ ಈಗ ದೊಡ್ಡ ತಲೆನೋವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ರೇ ಆಗಬೇಕು. ನಮ್ಮದು ಏಳನೇದು, ಐ7. ಜತೆಗೆ 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಜಿಟಿಎ 5 ಗೇಮ್ ಇವತ್ತಿಗೂ 1080ಪಿಯಲ್ಲಿ ಸರಾಗವಾಗಿ ಓಡುತ್ತೆ. ಇಂಥ ಯಂತ್ರವನ್ನ ಗುಜರಿಗೆ ಹಾಕು ಅಂದ್ರೆ ಹೊಟ್ಟೆ ಉರಿಯಲ್ವಾ?

ವಿಂಡೋಸ್ ಬಿಟ್ಟು ಲಿನಕ್ಸ್ ಅನ್ನೋ ಉಚಿತ ಓಎಸ್ ಹಾಕು ಅಂತಾರೆ. ನನಗೂ ಅದೇ ಇಷ್ಟ. 2018ರಲ್ಲಿ ಗೇಮ್ ಮಾರೋ ಸ್ಟೀಮ್‌ಗೆ, ವಿಂಡೋಸ್ ಗೇಮ್‌ಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್ ಬಂದಮೇಲೆ ಒಬ್ಬರೇ ಆಡೋ ವಿಂಡೋಸ್ ಗೇಮ್‌ಗಳು ಬಹುಪಾಲು ಲಿನಕ್ಸ್‌ನಲ್ಲೂ ಚೆನ್ನಾಗೇ ನಡೀತವೆ. ಎಡವಟ್ಟಾಗೋದು ಆನ್‌ಲೈನ್ ಗೇಮ್‌ಗಳಲ್ಲಿ. ಮಗ ದಿನಾ ಸಂಜೆ ಗೆಳೆಯರ ಜತೆ ಆಡೋದು ವ್ಯಾಲೊರಂಟ್. ಅದರ ಆಂಟಿ-ಚೀಟ್, ಅಂದ್ರೆ ಮೋಸದಾಟ ಹಿಡಿಯೋ ಸಾಫ್ಟ್‌ವೇರ್, ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂರುತ್ತೆ, ಲಿನಕ್ಸ್‌ಗೆ ಇಲ್ಲವೇ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಅನ್ನೋ ಗೇಮ್ ಲಿನಕ್ಸ್‌ನಲ್ಲಿ ನಡೀತಿತ್ತು, 2024ರ ಕೊನೇಲಿ ಅದನ್ನೂ ನಿಲ್ಲಿಸಿದ್ರು. ಬೇರೆ ಗೇಮ್‌ಗಳು ಬಳಸೋ ಆಂಟಿ-ಚೀಟ್‌ಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡಕ್ಕೂ ಪ್ರೋಟಾನ್ ಬೆಂಬಲ ಇದೆ, ಗೇಮ್ ಮಾಡಿದವರು ಒಪ್ಪಬೇಕು ಅಷ್ಟೇ. ಎಷ್ಟೋ ಜನ ಒಪ್ಪಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ದುಡ್ಡು ಕೊಟ್ಟು ಗೇಮ್ ಕೊಂಡವರು ಯಾವ ಓಎಸ್ ಇಟ್ಕೋಬೇಕು ಅಂತ ಇವರು ಯಾಕೆ ತೀರ್ಮಾನ ಮಾಡ್ಬೇಕು?

ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕೋಣ ಅಂದ್ರೆ ಇರೋದು 500 ಜಿಬಿ ಎಸ್‌ಎಸ್‌ಡಿ, ಜಿಟಿಎ ಒಂದೇ ನೂರು ಜಿಬಿ ಹತ್ತಿರ ನುಂಗುತ್ತೆ. ಹಳೇ ವಿಂಡೋಸನ್ನೇ ಮುಂದುವರಿಸೋಣ ಅಂದ್ರೆ, ಬ್ಯಾಂಕ್ ವ್ಯವಹಾರವೂ ಇದೇ ಯಂತ್ರದಲ್ಲಿ. ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಅದಕ್ಕೆ ನನಗಂತೂ ಧೈರ್ಯ ಇಲ್ಲ.